ಜೇನಿನ ಬೆಲೆ ಯಾಕೆ ಏರಿತು: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಈ ತಿಂಗಳಿಂದ ಅರ್ಧ ಕೇಜಿ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಾಡ ಹುಳುವಿನ ಜೇನು) 350 ರೂಪಾಯಿ ಇದ್ದದ್ದು 400 ಆಗಿದೆ. ಮೊದಲೇ ಹೇಳದೆ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಬಾಟಲಿ ಕೈಗೆ ತಗೊಂಡು, ಬೆಲೆ ನೋಡಿ, ಮತ್ತೆ ಅಲ್ಲೇ ಇಟ್ಟು ಹೋದ ಹಳೇ ಗಿರಾಕಿಗಳಿದ್ದಾರೆ. ಅದು ನಮಗೂ ನೋವಾಗಿದೆ.

ನಮ್ಮ ಜೇನು ಪೆಟ್ಟಿಗೆಗಳಿದ್ದ ತೋಪಿನಲ್ಲಿ ಮನೆ ಸೈಟುಗಳ ಲೇಔಟ್ ಮಾಡಲು ಹೊರಟಿದ್ದಾರೆ, ಅದಕ್ಕೆ ನಮ್ಮ ಸಂಘ ತಕರಾರು ಹಾಕಿದೆ. ಆದರೆ ಒಂದು ಮಾತು ದಿನಾ ಕಿವಿಗೆ ಬೀಳ್ತಿದೆ. 'ಲೇಔಟ್ ವಿರುದ್ಧ ತಕರಾರು ಹಾಕೋದಕ್ಕೆ ನಮ್ಮ ಹತ್ರ ದುಡ್ಡು ಕೀಳ್ತಿದ್ದೀರಾ' ಅಂತ. ಇಲ್ಲ. ವಕೀಲರ ಫೀಸು, ಜೆರಾಕ್ಸು, ಕಚೇರಿ ಓಡಾಟ ಎಲ್ಲವನ್ನೂ ಸಂಘದ ಸದಸ್ಯರು ಕೈಯಿಂದ ಹಾಕಿದ್ದಾರೆ. ಜೇನು ಮಾರಿದ ಹಣದಲ್ಲಿ ಒಂದು ಪೈಸೆಯೂ ಅದಕ್ಕೆ ಹೋಗಿಲ್ಲ. ಲೆಕ್ಕದ ಪುಸ್ತಕ ಅಂಗಡಿಯಲ್ಲೇ ಇದೆ, ಬಂದು ನೋಡಿ.

ದುಡ್ಡು ಹೋಗಿದ್ದು ಪೆಟ್ಟಿಗೆ ಸಾಗಿಸುವುದಕ್ಕೆ. ಚಾಮುಂಡಿ ಬೆಟ್ಟದ ಆಚೆ ಮಗ್ಗುಲಿನ ತೋಪಿನಲ್ಲಿ ಸರ್ವೆ ಕಲ್ಲು ನೆಟ್ಟ ವಾರಕ್ಕೇ ಜೆಸಿಬಿ ಬಂತು. ಬೇಲಿ ಸಾಲಿನ ಪೊದೆಗಳನ್ನೆಲ್ಲ ಬೇರುಸಮೇತ ಕಿತ್ತು ಹಾಕಿತು. ಬೇವು, ಹೊಂಗೆ, ಹುಣಸೆ ಹೂ ಮುಗಿದ ಮೇಲೆ ಹುಳುಗಳಿಗೆ ಅದೇ ಮೇವಾಗಿತ್ತು. ತುಡುವೆ ಹುಳು ಒಂದು, ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗುವುದು ಕಡಿಮೆ. ಹತ್ತಿರದಲ್ಲಿ ಹೂವಿಲ್ಲ ಅಂದರೆ ಗೂಡನ್ನೇ ಬಿಟ್ಟು ಹೋಗುತ್ತದೆ. 9 ಪೆಟ್ಟಿಗೆ ಹಾಗೆ ಖಾಲಿಯಾದವು.

ಉಳಿದ 40 ಪೆಟ್ಟಿಗೆಗಳನ್ನು ನಂಜನಗೂಡು ಕಡೆಯ ತೋಟಕ್ಕೆ ಒಯ್ದೆವು. ಹತ್ತಿರವೇ ಎಲ್ಲಾದರೂ ಇಟ್ಟರೆ ಹುಳು ಬೆಳಿಗ್ಗೆ ಹಳೇ ಜಾಗಕ್ಕೇ ವಾಪಸ್ ಬಂದು ಸುತ್ತುತ್ತದೆ. ಹಗಲಲ್ಲಿ ಒಯ್ಯುವ ಹಾಗೂ ಇಲ್ಲ. ಕತ್ತಲಾಗಿ ಕೊನೆಯ ಹುಳು ಒಳಗೆ ಹೋದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ಹಗ್ಗ ಬಿಗಿದು, ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಬೇಕು. ಒಂದು ಗುಂಡಿಗೆ ಇಳಿದರೆ ಸಾಕು, ಒಳಗೆ ಮೇಣದ ಎರಿ ಮುರಿದು ಜೇನು ಸುರಿಯುತ್ತದೆ. ಹೀಗೆ ಆರು ರಾತ್ರಿ. ಗಾಡಿ ಬಾಡಿಗೆ, ಆಳುಗಳ ಕೂಲಿ, ಈಗ ತೋಟದ ಬಾಡಿಗೆ ಬೇರೆ. ಸಕ್ಕರೆ ಪಾಕ ಬೆರೆಸುವವರಾಗಿದ್ದರೆ ನಮಗೆ ಬೆಲೆ ಏರಿಸುವ ಅಗತ್ಯವೇ ಇರಲಿಲ್ಲ. ನಾವು ಯಾವತ್ತೂ ಬೆರೆಸಿಲ್ಲ, ಬೆರೆಸುವುದೂ ಇಲ್ಲ.

ಮನೆ ಎಲ್ಲರಿಗೂ ಬೇಕು, ಸೈಟೇ ಬೇಡ ಅನ್ನುವವರು ನಾವಲ್ಲ. ಬೆಳೆದು ನಿಂತ ಮರದ ಜಾಗದಲ್ಲೇ ಬೇಕಾ ಅನ್ನುವುದಷ್ಟೇ ನಮ್ಮ ಪ್ರಶ್ನೆ. 'ಪಾರ್ಕ್ ಮಾಡ್ತಾರಲ್ಲ' ಅನ್ನುತ್ತಾರೆ. ಪಾರ್ಕಿನ ಹುಲ್ಲಿನಲ್ಲಿ ಹುಳುವಿಗೆ ಏನೂ ಸಿಗುವುದಿಲ್ಲ. ಇವತ್ತು ಹೊಂಗೆ ಸಸಿ ನೆಟ್ಟರೂ ಹೂ ನೋಡಲು ನಾಲ್ಕೈದು ವರ್ಷ ಕಾಯಬೇಕು. ಮರ ಉಳಿಸುವುದಕ್ಕೆ ಅಂತಲೇ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿ ಅಂತ ಒಬ್ಬರು ಇದ್ದಾರೆ. ಮೊದಲು ತೋಪಿಗೆ ಬಂದು ಮರ ಎಣಿಸಿ ಅಂತ ಅವರಿಗೆ ಅರ್ಜಿ ಕೊಟ್ಟಿದ್ದೇವೆ.

ತೋಪಿನಲ್ಲಿ ಪೆಟ್ಟಿಗೆ ಸ್ಟ್ಯಾಂಡುಗಳನ್ನು ಕಿತ್ತಿಲ್ಲ. ಇರುವೆ ಹತ್ತದ ಹಾಗೆ ಕಾಲಿನ ಕೆಳಗೆ ಇಟ್ಟ ನೀರಿನ ಬಟ್ಟಲುಗಳೂ ಹಾಗೇ ಇವೆ. ಪೆಟ್ಟಿಗೆ ಅಲ್ಲಿಗೆ ವಾಪಸ್ ಬಂದ ದಿನವೇ ಬೆಲೆ 350ಕ್ಕೆ ಇಳಿಸುತ್ತೇವೆ. ಅಲ್ಲಿಯವರೆಗೆ ಹಳೇ ಬಾಟಲಿ ತೊಳೆದು ತಂದವರಿಗೆ 20 ರೂಪಾಯಿ ಕಡಿಮೆ. ಬೇಜಾರು ಇನ್ನೂ ಉಳಿದಿದ್ದರೆ ಸಂಜೆ ಅಂಗಡಿಗೆ ಬನ್ನಿ, ನಾನೇ ಇರುತ್ತೇನೆ.

ಇಂತಿ ನಿಮ್ಮ,
ಕಾರ್ಯದರ್ಶಿ, ಜೇನು ಸಾಕಣೆದಾರರ ಸಂಘ, ಮೈಸೂರು