ಬರೀ ನಡೆದರೆ ತೊಡೆಗೆ ಬಲ ಬರುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿ ಆಪರೇಷನ್ ಬಗ್ಗೆ ಆಗಾಗ ಲೇಖನ ಬರುತ್ತದೆ. ಹೊಸ ಬಗೆಯ ಕೀಲು, ರೋಬೋಟ್ ನೆರವು, ಚಿಕ್ಕ ಗಾಯ, ಮರುದಿನವೇ ನಡಿಗೆ. ಎಲ್ಲವೂ ಬೇಕಾದ ಮಾಹಿತಿಯೇ. ಆದರೆ ಪ್ರತಿ ಸಲ ಲೇಖನ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲಿನ ತಿಂಗಳುಗಳಿಗೆ ಸಿಗುವುದು "ನಿಯಮಿತವಾಗಿ ವ್ಯಾಯಾಮ ಮಾಡಬೇಕು" ಅನ್ನೋ ಒಂದೇ ಸಾಲು. ಯಾವ ವ್ಯಾಯಾಮ, ಯಾವುದು ಮೊದಲು, ಎಲ್ಲಿಯವರೆಗೆ? ಅಮ್ಮನಿಗೆ ಮಂಡಿ ಕೀಲು ಬದಲಾಯಿಸಿದ ಮೇಲೆ ದಿನವೂ ಪಕ್ಕದಲ್ಲಿ ಕೂತು ವ್ಯಾಯಾಮ ಮಾಡಿಸಿದವಳು ನಾನು. ಆ ಒಂದು ಸಾಲು ಎಷ್ಟು ಸಾಲದು ಅಂತ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲ ವಾರ ಫಿಸಿಯೋಥೆರಪಿಸ್ಟ್ ಅಮ್ಮನನ್ನು ಕಾಲು ಚಾಚಿ ಮಲಗಿಸಿ, "ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ" ಅಂದರು. ಅಮ್ಮ ಹಲ್ಲು ಕಚ್ಚಿ ಒತ್ತಿದರು. ಕುತ್ತಿಗೆ ನರ ಉಬ್ಬಿತು, ಮುಷ್ಟಿ ಬಿಗಿಯಾಯಿತು, ಆದರೆ ಮಂಡಿಚಿಪ್ಪಿನ ಮೇಲ್ಗಡೆ ಬೆರಳಿಟ್ಟು ನೋಡಿದರೆ ತೊಡೆ ಮಾತ್ರ ಮೆತ್ತಗೆ ಹಾಗೇ ಇತ್ತು. ಇದು ಸೋಮಾರಿತನವಲ್ಲ, ಹೆದರಿಕೆಯೂ ಅಲ್ಲ. ಕೀಲಿನೊಳಗೆ ನೀರು ತುಂಬಿ ಊದಿಕೊಂಡಾಗ ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯೇ ಕಡಿಮೆಯಾಗುತ್ತದೆ. ರೋಗಿ ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಎದ್ದೇಳುವುದಿಲ್ಲ. ಕೀಲು ಬದಲಿಸಿದ ಮೊದಲ ತಿಂಗಳಲ್ಲಿ ಈ ಸ್ನಾಯುವಿನ ಬಲ ಮುಂಚೆ ಇದ್ದದ್ದರ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಇದನ್ನು ಮನೆಯವರಿಗೆ ಯಾರಾದರೂ ಮೊದಲೇ ಹೇಳಿದರೆ "ನೀನು ಸರಿಯಾಗಿ ಪ್ರಯತ್ನ ಮಾಡ್ತಿಲ್ಲ" ಅನ್ನೋ ಬೈಗುಳವಾದರೂ ತಪ್ಪುತ್ತದೆ, ಅಲ್ವಾ?

ಹಾಗಾಗಿ ಮೊದಲ ಕೆಲಸ ಊತ ಇಳಿಸುವುದು. ಬಟ್ಟೆ ಸುತ್ತಿದ ಐಸ್ ಪ್ಯಾಕ್ 15-20 ನಿಮಿಷ, ಕಾಲು ಎತ್ತರಿಸಿ ಇಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರುವುದು. ಪಾದ ಆಡಿಸಿದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿರಬೇಕು. ಮಂಡಿ ಎಷ್ಟು ಮಡಚುತ್ತದೆ ಅಂತ ಬಂದವರೆಲ್ಲ ಕೇಳುತ್ತಾರೆ, ಎಷ್ಟು ನೇರವಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಿಜಕ್ಕೂ ಮೊದಲು ಗಮನ ಕೊಡಬೇಕಾದದ್ದು ನೇರವಾಗುವುದಕ್ಕೆ. ಮಂಡಿ ಸ್ವಲ್ಪ ಬಾಗಿಯೇ ಉಳಿದರೆ ನಿಂತಷ್ಟು ಹೊತ್ತೂ ತೊಡೆ ದುಡಿಯುತ್ತಲೇ ಇರಬೇಕು, ನಡಿಗೆ ಕುಂಟುತ್ತದೆ, ಸೊಂಟಕ್ಕೂ ನೋವು ಹತ್ತುತ್ತದೆ. ಆದರೆ ನೋವಿದ್ದಾಗ ಮಂಡಿ ಕೆಳಗೆ ದಿಂಬು ಇಟ್ಟುಕೊಂಡರೆ ಹಾಯೆನಿಸುತ್ತದೆ. ಮನೆಯವರೂ ಪ್ರೀತಿಯಿಂದ ಅದನ್ನೇ ಇಡುತ್ತಾರೆ. ಗಂಟೆಗಟ್ಟಲೆ ಹಾಗೆ ಮಲಗಿದರೆ ಮಂಡಿ ಬಾಗಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ದಿಂಬು ತೆಗೆದು, ಸುರುಳಿ ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡಬೇಕು. ಮಂಡಿ ಗಾಳಿಯಲ್ಲಿ ನಿಂತು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಹಿಂಭಾಗ ಎಳೆದಂತಾಗುತ್ತದೆ, ಕೆಲವು ನಿಮಿಷ ತಡೆದುಕೊಳ್ಳಬೇಕು. ಖರ್ಚಿಲ್ಲ, ಯಂತ್ರ ಬೇಡ.

ಮಡಚುವುದಕ್ಕೂ ಒಂದು ಲೆಕ್ಕವಿದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 60ರಿಂದ 70 ಡಿಗ್ರಿ ಸಾಕು. ಮೆಟ್ಟಿಲಿಗೆ 80ರಿಂದ 100 ಬೇಕು. ತಗ್ಗಾದ ಕುರ್ಚಿಯಿಂದ ಏಳಲು, ಸೈಕಲ್ ತುಳಿಯಲು 105-110ರ ಹತ್ತಿರ ಬರಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಪೃಷ್ಠದ ಕಡೆ ತರುವುದು, ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಇವನ್ನು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ಮಾಡಿದರೆ ಆ ಜಾಗಕ್ಕೆ ತಲುಪುತ್ತದೆ. ಒಂದೇ ಸಲ ಯಾರೋ ಬಲವಂತವಾಗಿ ಒತ್ತಿ ಮಡಚಿದರೆ ಊತ ಜಾಸ್ತಿಯಾಗಿ ಇನ್ನೂ ಹಿಂದೆ ಬೀಳುತ್ತೇವೆ. ವಾರಗಳು ಕಳೆದರೂ ಮಂಡಿ ಮಡಚದಿದ್ದರೆ ಮಾತ್ರ ಸುಮ್ನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಅರಿವಳಿಕೆ ಕೊಟ್ಟು ಕೀಲು ಸಡಿಲಿಸುವ ಕ್ರಮವಿದೆ, ಅದು ಮೊದಲ ಮೂರು ತಿಂಗಳೊಳಗೆ ಮಾಡಿದರೆ ಹೆಚ್ಚು ಫಲ ಕೊಡುತ್ತದೆ.

ಈಗ ತೊಡೆಯ ಬಲದ ಮಾತು. ನೋವು ಕಡಿಮೆಯಾಗಿ ಕೋಲು ಬಿಟ್ಟು ನಡೆಯೋಕೆ ಶುರು ಮಾಡಿದ ತಕ್ಷಣ ಬಹಳ ಜನ ವ್ಯಾಯಾಮ ನಿಲ್ಲಿಸುತ್ತಾರೆ. "ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುತ್ತಾರೆ. ವಾಕಿಂಗ್ ಒಳ್ಳೆಯದೇ, ಉಸಿರಿಗೆ, ಹೃದಯಕ್ಕೆ, ಮನಸ್ಸಿಗೆ. ಆದರೆ ಕಳೆದುಹೋದ ಸ್ನಾಯು ವಾಪಸ್ ಬರಬೇಕಾದರೆ ಅದಕ್ಕೆ ಭಾರ ಬೀಳಬೇಕು, ಆ ಭಾರ ವಾರದಿಂದ ವಾರಕ್ಕೆ ಸ್ವಲ್ಪ ಏರುತ್ತಲೂ ಹೋಗಬೇಕು. ಇನ್ನೂ ಒಂದು ತೊಂದರೆ ಇದೆ. ಆಪರೇಷನ್ ಆದ ಕಾಲನ್ನು ದೇಹ ಗೊತ್ತಿಲ್ಲದಂತೆ ಉಳಿಸಿಕೊಳ್ಳುತ್ತದೆ, ಇನ್ನೊಂದು ಕಾಲಿನ ಮೇಲೆ ವಾಲುತ್ತದೆ. ನೋಡಬೇಕಾದರೆ ಒಂದೇ ಎತ್ತರದ ಎರಡು ತೂಕದ ಯಂತ್ರ ಪಕ್ಕಪಕ್ಕ ಇಟ್ಟು ಒಂದೊಂದರ ಮೇಲೆ ಒಂದೊಂದು ಪಾದ ಊರಿ ಕುರ್ಚಿಯಿಂದ ಎದ್ದು ನೋಡಿ. ಅಮ್ಮ ಎದ್ದಾಗ ಎರಡು ಮುಳ್ಳುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು. ಅವರಿಗೆ ಮಾತ್ರ ತಾನು ಸಮವಾಗಿ ನಿಂತಿದ್ದೇನೆ ಅಂತಲೇ ಅನ್ನಿಸುತ್ತಿತ್ತು. ಹೀಗೆ ಒಂದು ಕಡೆ ವಾಲಿಕೊಂಡು ಎಷ್ಟು ದೂರ ನಡೆದರೂ ದುಡಿಯುವುದು ಒಳ್ಳೆಯ ಕಾಲೇ.

ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ನನ್ನ ಪ್ರಕಾರ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ವ್ಯಾಯಾಮ. ಮೊದಲು ಎತ್ತರದ ಕುರ್ಚಿ, ಸುಲಭವಾದ ಮೇಲೆ ತಗ್ಗಿನದು. ಏಳುವುದಕ್ಕಿಂತ ನಿಧಾನವಾಗಿ ಕೂರಬೇಕು, ಧೊಪ್ಪೆಂದು ಬೀಳಬಾರದು. ಆಮೇಲೆ ಕಡಿಮೆ ಎತ್ತರದ ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಎಷ್ಟು ಮಾಡಿದರೆ ಜಾಸ್ತಿಯಾಯಿತು ಅಂತ ಮರುದಿನ ಬೆಳಿಗ್ಗೆ ಮಂಡಿಯೇ ಹೇಳುತ್ತದೆ. ಮಾಡುವಾಗ ಸ್ವಲ್ಪ ನೋವು, ಆಮೇಲೆ ಇಳಿಯಿತು, ಚಿಂತೆಯಿಲ್ಲ. ಬೆಳಿಗ್ಗೆ ಎದ್ದಾಗ ಮಂಡಿ ಹಿಂದಿನ ದಿನಕ್ಕಿಂತ ಊದಿದ್ದರೆ ಒಂದು ಹೆಜ್ಜೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ಮೂರು ತಿಂಗಳಾದರೂ ಬೇಕು, ಎರಡೂ ಕಾಲು ಸಮವಾಗಲು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಮಂಡಿಚಿಪ್ಪಿನಿಂದ ಒಂದೇ ಅಳತೆ ಮೇಲೆ, 10 ಅಥವಾ 15 ಸೆಂಟಿಮೀಟರ್, ಎರಡೂ ತೊಡೆಗೆ ಟೇಪ್ ಸುತ್ತಿ ಬರೆದಿಟ್ಟುಕೊಂಡರೆ ಬೇಜಾರಾದ ದಿನ ಅದೇ ಧೈರ್ಯ ಕೊಡುತ್ತದೆ.

ಎಲ್ಲ ಮಂಡಿ ಆಪರೇಷನ್ನೂ ಒಂದೇ ಅಲ್ಲ ಅನ್ನುವುದನ್ನೂ ಬರೆಯಬೇಕು. ಮೆನಿಸ್ಕಸ್ (ಮಂಡಿಯ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ) ಹರಿದು ಅದನ್ನು ಹೊಲಿದಿದ್ದರೆ ಮೊದಲ ಕೆಲವು ವಾರ ಭಾರ ಹಾಕಿ 90 ಡಿಗ್ರಿ ಮೀರಿ ಮಡಚಬೇಡಿ ಅನ್ನುವುದು ಸಾಮಾನ್ಯ. ಹರಿದ ಚೂರನ್ನು ಕತ್ತರಿಸಿ ತೆಗೆದವರಿಗೆ ಅಷ್ಟು ಕಟ್ಟುಪಾಡಿಲ್ಲ. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಹರಿದು ಅದನ್ನು ಹೊಸದಾಗಿ ಕಟ್ಟಿಸಿಕೊಂಡ ಹುಡುಗರು ನೋವಿಲ್ಲ ಅಂತ ಬೇಗ ಮೈದಾನಕ್ಕೆ ಇಳಿಯುತ್ತಾರೆ. ಆ ಹೊಸ ರಜ್ಜು ದೇಹದೊಳಗೆ ಗಟ್ಟಿಯಾಗಲು ತಿಂಗಳುಗಳು ಬೇಕು. ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು ಕಾಯಬೇಕು, ತೊಡೆಯ ಬಲ ಇನ್ನೊಂದು ಕಾಲಿನ 90 ಶೇಕಡಾ ಮುಟ್ಟಿರಬೇಕು ಅನ್ನುವುದು ಈಗ ಹೆಚ್ಚಿನ ತಜ್ಞರು ಪಾಲಿಸುವ ನಿಯಮ. ಹಾಗಾಗಿ ಪಕ್ಕದ ಮನೆಯವರ ವ್ಯಾಯಾಮದ ಚೀಟಿ ನಮಗೆ ಆಗಿಬರುವುದಿಲ್ಲ. ನಮ್ಮ ಸರ್ಜನ್ ಏನು ಮಾಡಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಲೇಬೇಕು. ಮೀನಖಂಡ ಊದಿ ನೋಯುವುದು, ಜ್ವರ, ಹೊಲಿಗೆಯಿಂದ ಕೀವು ಬಂದರೆ ವ್ಯಾಯಾಮ ಬಿಟ್ಟು ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ದಿಢೀರನೆ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯಬಾರದು.

ಅಮ್ಮನಿಗೆ ಆಸ್ಪತ್ರೆಯಿಂದ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಎರಡು ಪುಟ ಇತ್ತು. ವ್ಯಾಯಾಮಕ್ಕೆ ನಾಲ್ಕು ಸಣ್ಣ ಚಿತ್ರ, ಅದೂ ಮೊದಲ ತಿಂಗಳಿನವು. ಎರಡನೇ ತಿಂಗಳಿಂದ ಏನು ಮಾಡಬೇಕು ಅಂತ ಕೇಳುವ ತನಕ ಯಾರೂ ಹೇಳಲಿಲ್ಲ. ದಯವಿಟ್ಟು ಫಿಸಿಯೋಥೆರಪಿಸ್ಟರಿಂದಲೇ ಒಂದು ಲೇಖನಮಾಲೆ ಬರೆಸಿ. ಆಪರೇಷನ್‌ಗೆ ಮುಂಚೆ ತೊಡೆ ಗಟ್ಟಿ ಮಾಡಿಕೊಳ್ಳುವುದರಿಂದ ಶುರುವಾಗಲಿ, ಮೂರನೇ, ಆರನೇ ತಿಂಗಳಿಗೂ ಒಂದೊಂದು ಕಂತು ಇರಲಿ. ಆಪರೇಷನ್ ಆಗಿ ವರ್ಷವಾದರೂ ಮೆಟ್ಟಿಲು ಇಳಿಯುವಾಗ ಕಂಬಿ ಬಿಡಲಾಗದವರು ಎಷ್ಟೋ ಜನ ಇದ್ದಾರೆ, ಅವರಿಗೂ ಒಂದು ಕಂತು ಬೇಕು. ಸರಿಯಾದ ಭಾರ ಹಾಕಿದರೆ ಆಗಲೂ ಸ್ನಾಯು ಬೆಳೆಯುತ್ತದೆ, ಎಪ್ಪತ್ತು ದಾಟಿದವರಲ್ಲೂ ಬೆಳೆಯುತ್ತದೆ, ಇದನ್ನು ಅವರಿಗೆ ಇನ್ನೂ ಯಾರೂ ಹೇಳಿಲ್ಲ.

ಇಂತಿ,
ನಿಮ್ಮ ಓದುಗಳು