ಮುಂದಿನ ಸಾಲಿನ ಆ ತಾಯಿಗೆ ನನ್ನ ಧನ್ಯವಾದಗಳು

ಕಳೆದ ಭಾನುವಾರ ಚರ್ಚಿನ ಆರಾಧನೆಯಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ, ಹೆಸರು ತಿಳಿಯದ ಹಿರಿಯ ತಾಯಿಯೊಬ್ಬರಿಗೆ ಈ ಮೂಲಕ ಹೃತ್ಪೂರ್ವಕ ಧನ್ಯವಾದಗಳನ್ನು ತಿಳಿಸಲು ಬಯಸುತ್ತೇನೆ.

20 ವರ್ಷಗಳಿಂದ ವಿಶ್ವಾಸಿಯಾಗಿದ್ದರೂ ನಾನು ಒಮ್ಮೆಯೂ ನಾಲ್ಕು ಜನರ ಮುಂದೆ ಸಾಕ್ಷಿ ಹೇಳಿದವಳಲ್ಲ, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ್ದನ್ನು ಹಂಚಿಕೊಂಡವಳಲ್ಲ. ಅಂದು ಸಭಾಪಾಲಕರು ಕರೆದಾಗ ಎದ್ದು ಹೋದೆನಾದರೂ, ಮೈಕಿನ ಮುಂದೆ ನಿಂತೊಡನೆ ಗಂಟಲು ಒಣಗಿ, ಬರೆದುಕೊಂಡಿದ್ದ ಚೀಟಿ ಕೈಯಲ್ಲೇ ನಡುಗತೊಡಗಿ, ಮೊದಲ ವಾಕ್ಯದ ನಂತರ ಮಾತೇ ಹೊರಡಲಿಲ್ಲ. ಆಗ ಮುಂದಿನ ಸಾಲಿನಿಂದ ಅವರು ಸದ್ದಿಲ್ಲದೆ ಎದ್ದು ಬಂದು, ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿತ್ತರು. ಚೀಟಿಯನ್ನು ಮೆಲ್ಲನೆ ತೆಗೆದುಕೊಂಡು ಮಡಚಿ, "ಉಪದೇಶ ಬೇಡಮ್ಮ, ನಿನಗೆ ಆದದ್ದನ್ನಷ್ಟೇ ಹೇಳು" ಎಂದರು. ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸುವಿನಿಂದ ದೃಷ್ಟಿ ಪಡೆದ ಹುಟ್ಟುಕುರುಡನೂ, ಕೆದಕಿ ಕೆದಕಿ ಕೇಳಿದವರಿಗೆ, ತಾನು ಕುರುಡನಾಗಿದ್ದು ಈಗ ಕಾಣುತ್ತಿದ್ದೇನೆಂಬ ಒಂದೇ ಸಂಗತಿಯನ್ನಲ್ಲವೇ ಹೇಳಿದ್ದು? ಎಷ್ಟೋ ಬಾರಿ ಓದಿದ್ದ ಆ ಭಾಗ ನನ್ನಂಥವರಿಗೂ ಸೇರಿದ್ದೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅಮ್ಮ ತೀರಿಕೊಂಡ ನಂತರದ ರಾತ್ರಿಗಳನ್ನೂ, ಪ್ರಾರ್ಥನೆಯಲ್ಲಿ ನನಗೆ ದೊರೆತ ಸಮಾಧಾನವನ್ನೂ ಐದು ನಿಮಿಷ ಹೇಳಿದೆ. ಅಷ್ಟು ಹೊತ್ತೂ ಅವರು ಕೂರದೆ ಗೋಡೆಯ ಬಳಿಯೇ ನಿಂತಿದ್ದು, ನಾನು ತಡವರಿಸಿದಾಗಲೆಲ್ಲ ತಲೆಯಾಡಿಸುತ್ತಿದ್ದರು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಆರಾಧನೆ ಮುಗಿದು ಹುಡುಕುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಬುಧವಾರ ಸಹೋದ್ಯೋಗಿಯೊಬ್ಬರು ನನ್ನ ನೆಮ್ಮದಿಗೆ ಕಾರಣವೇನೆಂದು ಕೇಳಿದಾಗ, ಮಾತು ಬದಲಿಸದೆ ಕರ್ತನ ಹೆಸರನ್ನೇ ಹೇಳಿದೆ. ಅವರ ಬಾಟಲಿ ಇನ್ನೂ ನನ್ನ ಬಳಿಯೇ ಇದೆ. ಬರುವ ಭಾನುವಾರ ಅದೇ ಸಾಲಿನಲ್ಲಿ ಅವರಿಗಾಗಿ ಕಾಯುತ್ತಿರುತ್ತೇನೆ.