ಡಬ್ಬಿ ತಂದವರಿಗೆ, ಭಾರ ಹೊತ್ತವರಿಗೆ

ನಮ್ಮ ಯಜಮಾನರು ಹೋದ ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾರೆ. ಪರಾಂಚಿ, ಅಂದರೆ ಕಟ್ಟಡಕ್ಕೆ ಕಟ್ಟುವ ಅಟ್ಟಣಿಗೆ, ಹತ್ತುವ ಕೆಲಸ ಅಲ್ಲ, ಸದ್ಯಕ್ಕೆ ಸ್ಟೋರಿನಲ್ಲಿ ಕೂತು ಸಿಮೆಂಟು, ಸಲಾಕೆಯ ಲೆಕ್ಕ ಬರೆಯುವುದು. ತೊಡೆ ಮೂಳೆ ಮುರಿದುಕೊಂಡು ಬಿದ್ದಾಗ ಇಷ್ಟಾದರೂ ಆದೀತು ಅಂತ ನಾನು ಅಂದುಕೊಂಡಿರಲಿಲ್ಲ. ಜುವಾರಿನಗರ, ವಾಸ್ಕೋದ ನಮ್ಮ ಜನರ ಮನೆಮನೆಗೂ ಹೋಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಡಾಕ್ಟರುಗಳಿಗೆ, ಸಿಸ್ಟರುಗಳಿಗೆ ವಂದನೆ. ನನ್ನ ಕೊಂಕಣಿ ಮೀನು ಮಾರ್ಕೆಟ್ಟಿಗೆ ಸಾಕಾಗುವಷ್ಟೇ. ಅದನ್ನು ನೋಡಿ ಒಬ್ಬ ಸಿಸ್ಟರ್ ಮಾತ್ರೆ ಚೀಟಿಯ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬಿಡಿಸಿ ಕೊಟ್ಟರು. ರಕ್ತ ಕೊಟ್ಟ ಹುಡುಗರು ಜಾರ್ಖಂಡದವರು. ಅವರಿಗೆ ಈ ಬರಹ ಓದಲು ಬರಲ್ಲ, ನಾನೇ ಹೋಗಿ ಹೇಳುತ್ತೇನೆ.

ನೋಡಲು ಬಂದವರಲ್ಲಿ ಒಂದಿಬ್ಬರು ಒಂದು ಮಾತು ಆಡಿ ಹೋದರು. "ಬಿತ್ತಿದ್ದನ್ನೇ ಕೊಯ್ಯಬೇಕಲ್ವಾ ತಂಗಿ, ವಚನದಲ್ಲೇ ಇದೆ. ಎಲ್ಲೋ ಏನೋ ಆಗಿರಬೇಕು, ನೆನಪು ಮಾಡಿಕೊಳ್ಳಿ."

ಇದೆ, ಬೈಬಲ್‌ನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ ಆರನೇ ಅಧ್ಯಾಯ, ಏಳನೇ ವಚನ. ಸುಳ್ಳೇನಲ್ಲ. ಅದೇ ಬೈಬಲ್‌ನಲ್ಲಿ ಯಾಕೋಬ ಆಡಿನ ಮರಿಯ ಚರ್ಮ ಕೈಗೆ ಸುತ್ತಿಕೊಂಡು ಕಣ್ಣು ಕಾಣದ ಅಪ್ಪನಿಗೆ ಮೋಸ ಮಾಡಿದ. ಮುಂದೆ ಅವನ ಮಕ್ಕಳೇ, ತಮ್ಮ ಯೋಸೇಫನನ್ನು ಮೃಗ ತಿಂದಿತು ಅಂತ ನಂಬಿಸಲು, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಯಾಕೋಬನ ಮುಂದೆ ಹಿಡಿದರು. ಆಡಿಗೆ ಆಡು! ಕುಡಿದು ಬೈಕ್ ಓಡಿಸುವವನಿಗೆ ಈ ವಚನ ಹೇಳಿ, ನಾನೂ ದನಿಗೂಡಿಸುತ್ತೇನೆ. ಆದರೆ ಹಗ್ಗ ಸಡಿಲಾಗಿ ಹಲಗೆ ಜಾರಿ ಬಿದ್ದವನಿಗೆ? ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಇದು ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದರು. ಸಿಲೋವದ ಗೋಪುರ ಕುಸಿದು ಸತ್ತ 18 ಜನ ಮಿಕ್ಕವರಿಗಿಂತ ಹೆಚ್ಚು ತಪ್ಪಿತಸ್ಥರಾಗಿರಲಿಲ್ಲ ಅಂತಲೂ ಹೇಳಿದರು. ಕಟ್ಟಡ ಕೆಲಸದವರ ಮನೆಯಲ್ಲಿ ಈ ಗೋಪುರದ ಮಾತು ಓದಿದರೆ ಬೇರೆಯೇ ಆಗಿ ಕೇಳುತ್ತದೆ.

ಏಳನೇ ವಚನ ಹೇಳುವವರಿಗೆ ಅದೇ ಅಧ್ಯಾಯದ ಎರಡನೇ ವಚನ ಯಾಕೋ ನೆನಪಿರುವುದಿಲ್ಲ. ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತ ಅಲ್ಲಿದೆ. ನೀವು ಬಾಯಿಬಿಟ್ಟು ಹೇಳದೆ ಅದನ್ನೇ ಮಾಡಿದಿರಿ. ಮನೆ ಮಾಲಕಿ ಕೊಂಕಣಿ ಅಮ್ಮ ಬಾಡಿಗೆಯ ಮಾತೇ ಎತ್ತದೆ ದಿನಾ ಪೇಜ್ (ಗಂಜಿ), ಉಪ್ಪಿನಕಾಯಿ ತಂದಿಟ್ಟರು. ಕುಠ್ಠಾಳಿಯಲ್ಲಿ ಕೊನೇ ಬಸ್ ತಪ್ಪಿದಾಗ ಮನೆ ತನಕ ಬಿಟ್ಟ ಪೈಲಟ್ ಅಣ್ಣ (ಬಾಡಿಗೆ ಬೈಕ್ ಓಡಿಸುವವರಿಗೆ ಇಲ್ಲಿ ಹಾಗೇ ಅನ್ನುತ್ತಾರೆ) ದುಡ್ಡು ಬೇಡ ಅಂದು ಬೈಕ್ ತಿರುಗಿಸಿದ. ಬೆಟಗೇರಿಯಿಂದ ಚಿಕ್ಕತ್ತೆ ರೈಲಿನಲ್ಲಿ ಬರುವವರ ಕೈಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಹಳೇ ಧೋತರದಲ್ಲಿ ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ, ಕ್ಯಾಸಲ್‌ರಾಕ್ ಘಾಟ್ ಇಳಿದು ಬಂದರೂ ಒಂದು ರೊಟ್ಟಿಯೂ ಮುರಿದಿರಲಿಲ್ಲ.

ಆ ಪೈಲಟ್ ಅಣ್ಣನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೆ ನಾವು ಹಿಂದೆ ಏನು ಕೊಟ್ಟಿದ್ದೆವು? ಏನೂ ಇಲ್ಲ. ಬಿತ್ತುವವನೊಬ್ಬ, ಕೊಯ್ಯುವವನೊಬ್ಬ ಅನ್ನುವ ಮಾತು ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿದೆ. ಗದಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿ ಜೋಳ ಬಿತ್ತಿ ದುಡಿಯಲು ಗೋವಾಕ್ಕೆ ಬರುತ್ತೇವೆ, ಸುಗ್ಗಿಗೆ ತಮ್ಮನೋ ಕಾಕಾನೋ ಕೊಯ್ಯುತ್ತಾರೆ. ನನ್ನ ಅಜ್ಜಿ ಅಕ್ಷರ ಕಲಿತದ್ದು ಮಿಶನ್ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಕಡೆಗೂ ಬಂದು ಹಾಕಿದ ಶಾಲೆಗಳಲ್ಲಿ ಅದೂ ಒಂದು. ಅಜ್ಜಿ ಬಾಯಿಪಾಠ ಮಾಡಿಸಿದ್ದ 121ನೇ ಕೀರ್ತನೆ ಆಪರೇಶನ್ ಥಿಯೇಟರಿನ ಹೊರಗೆ ನನ್ನನ್ನು ಕೂರಿಸಿತು. ಆ ಶಾಲೆ ಕಟ್ಟಿದವರಿಗೆ ನಾನು ಯಾರು ಹೇಳಿ!

ಬರುವ ಭಾನುವಾರ ಆರಾಧನೆ ಆದ ಮೇಲೆ ನಮ್ಮ ಮನೆಯಲ್ಲಿ ಊಟ ಇದೆ, ಎಲ್ಲರೂ ಬನ್ನಿ. ಮಾಂಸ ತಿನ್ನದವರಿಗೆ ಬೇರೆ ಒಲೆಯಲ್ಲೇ ಅಡುಗೆ. ಬರುವಾಗ ಖಾಲಿ ಚೀಲ ತನ್ನಿ. ನೀವು ಊಟ ತಂದ ಸ್ಟೀಲ್ ಡಬ್ಬಿಗಳು ಒಂದು ಮೂಲೆ ತುಂಬ ಇವೆ. ಹೆಸರು ಹಾಕಿಸಿದ್ದನ್ನೆಲ್ಲ ಬೇರೆ ಇಟ್ಟಿದ್ದೇನೆ, ಹೆಸರಿಲ್ಲದ್ದನ್ನು ನೀವೇ ಗುರುತು ಹಿಡಿದು ತಗೊಂಡು ಹೋಗಬೇಕು. ಮುಚ್ಚಳ ಅದಲುಬದಲಾಗಿದ್ದರೆ ಅಲ್ಲೇ ಜಗಳ ಮುಗಿಸಿಕೊಳ್ಳಿ.